ಆರ್ಡಿಸ್ ಬರಲಿ, ಆಮೇಲೆ

ಆ ಪಾತ್ರೆ ಎರಡು ವರ್ಷ ನನ್ನ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಕೇಕಿನ ಅಚ್ಚುಗಳ ಹಿಂದೆ ಕೂತಿತ್ತು. ಬಿಳಿ ಗಾಜಿನದು. ಪಕ್ಕದಲ್ಲಿ ಮೂರು ನೀಲಿ ಹೂವು, ಒಂದು ಮೂಲೆಯಲ್ಲಿ ಉಗುರಿನಷ್ಟು ಚಕ್ಕೆ ಎದ್ದಿದೆ. ತಿರುಗಿಸಿದರೆ ತಳದಲ್ಲಿ ಹಳದಿಗಟ್ಟಿದ ಟೇಪು, ಅದರ ಮೇಲೆ ದಪ್ಪ ಚೌಕ ಅಕ್ಷರಗಳಲ್ಲಿ ‘ಆರ್ಡಿಸ್ ಕ್ವಾಮಿ’. ನಮ್ಮೂರು ನಾರ್ಲಂಡಿನಲ್ಲಿ ಎಲ್ಲರ ಪಾತ್ರೆಗಳ ತಳದಲ್ಲೂ ಹೀಗೆ ಹೆಸರಿರುತ್ತದೆ. ಸಾವಾದ ಮನೆಗೆ, ಹೆರಿಗೆಯಾದ ಮನೆಗೆ, ಚರ್ಚಿನ ಊಟಕ್ಕೆ ಪಾತ್ರೆ ಹೋಗುತ್ತದೆ, ವಾರದೊಳಗೆ ವಾಪಸ್ ಬರುತ್ತದೆ. ಬರುವಾಗ ಖಾಲಿ ಬರುವುದಿಲ್ಲ, ಒಳಗೆ ಏನಾದರೂ ಇರಲೇಬೇಕು. ಎರಡು ವರ್ಷ ಇನ್ನೊಬ್ಬರ ಪಾತ್ರೆ ಇಟ್ಟುಕೊಂಡವರು ನಮ್ಮೂರಿನಲ್ಲಿ ನನಗೆ ತಿಳಿದ ಮಟ್ಟಿಗೆ ನಾನೊಬ್ಬಳೇ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ಬುಧವಾರ, ಅದನ್ನು ಟವೆಲಿನಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನ ಕೆಳಗಿಟ್ಟೆ. ಮೇಲೆ ನನ್ನ ನಾಲ್ಕು ವರ್ಷದ ಮಗಳು ಟಿಲ್ಡಾ ಕಾಲು ಆಡಿಸುತ್ತ ಕೂತಿದ್ದಳು. ನನ್ನ ಗಂಡನಿಗೆ ವಿಮಾನ ನಿಲ್ದಾಣದಲ್ಲಿ ಡ್ಯೂಟಿ. ಹಬ್ಬದ ವಾರ ಅವನಿಗೆ ರಜೆ ಅನ್ನುವುದೇ ಇಲ್ಲ. ಮಿನಿಯಾಪೊಲಿಸ್‌ನಿಂದ ಮೂರೂವರೆ ಗಂಟೆ ನಾನೇ ಓಡಿಸಬೇಕು. ಹೊರಡುವ ಮುಂಚೆ ಕೈಚೀಲ ಮೂರು ಸಲ ತೆರೆದು ನೋಡಿದೆ. ಟಿಲ್ಡಾಳ ಅಲರ್ಜಿಗೆ ಹಾಕುವ ಎರಡು ಇಂಜೆಕ್ಷನ್ ಪೆನ್ನು ಇದ್ದವು. ಇಪ್ಪತ್ತು ಮೈಲಿ ಹೋದ ಮೇಲೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇನ್ನೊಂದು ಸಲ ನೋಡಿದೆ.

ಪಾತ್ರೆಯನ್ನು ಯಾರಿಗೆ ಕೊಡುವುದು ಅಂತ ನನಗೆ ಗೊತ್ತಿರಲಿಲ್ಲ. ಆರ್ಡಿಸ್ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ನಾನು ಮಣ್ಣಿಗೆ ಹೋಗಿರಲಿಲ್ಲ.

ಅವರು ನಮ್ಮೂರ ಶಾಲೆಯಲ್ಲಿ ಮೂವತ್ತು ವರ್ಷ ಅಡುಗೆಯವರಾಗಿದ್ದರು. ಅದರ ಜೊತೆಗೆ, ಆಮೇಲೆ ಕೂಡ, ಚರ್ಚಿನ ನೆಲಮಾಳಿಗೆಯ ಅಡುಗೆಮನೆ ನಲವತ್ತೊಂದು ವರ್ಷ ಅವರ ಕೈಯಲ್ಲಿತ್ತು. ಗಂಡ ಓರ್ವಿಲ್ ಬೀಟ್‌ಗೆಡ್ಡೆ ತುಂಬಿದ ಲಾರಿ ಮಗುಚಿ ಸತ್ತಾಗ ಅವರಿಗೆ ಇಪ್ಪತ್ತೊಂಬತ್ತು. ಮಕ್ಕಳಿರಲಿಲ್ಲ. ಎತ್ತರದ ಹೆಂಗಸು. ಮೊಣಕೈವರೆಗೆ ಸುಟ್ಟ ಗಾಯಗಳ ಸಣ್ಣ ಸಣ್ಣ ಗೆರೆ. ದೊಡ್ಡವರು ಚಿಕ್ಕವರು ಅನ್ನದೆ ಊರೆಲ್ಲ ಅವರನ್ನು ಹೆಸರು ಹಿಡಿದೇ ಕರೆಯುತ್ತಿತ್ತು. ಒಳ್ಳೆಯವರು ಅಂತ ಸುಮ್ಮನೆ ಹೇಳಿಬಿಟ್ಟರೆ ಸುಳ್ಳಾಗುತ್ತದೆ. ಕಾಫಿ ಪುಡಿ ಹಾಕುವುದರಲ್ಲಿ ಜುಗ್ಗಿ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದರು, ಸಿಕ್ಕಿಬಿದ್ದರೆ ನಗುತ್ತಲೂ ಇರಲಿಲ್ಲ. ಕೈಬಟ್ಟೆಯನ್ನು ಮೂರು ಮಡಿಕೆ ಮಾಡಿಯೇ ಇಡಬೇಕು, ಎರಡು ಮಡಿಕೆ ಮಾಡಿದವರನ್ನು ಅಡುಗೆಮನೆಯಿಂದ ಆಚೆ ಕಳಿಸುತ್ತಿದ್ದರು. ಪಾದ್ರಿಯನ್ನೂ ಒಮ್ಮೆ ಕಳಿಸಿದ್ದರು.

ಅವರ ಹತ್ತಿರ ಒಂದು ಹಸಿರು ತಗಡಿನ ಡಬ್ಬಿ ಇತ್ತು. ಚಿಕ್ಕವಳಿದ್ದಾಗ ನಾನು ಅದರಲ್ಲಿ ಅಡುಗೆಯ ವಿಧಾನಗಳು ಇರುತ್ತವೆ ಅಂದುಕೊಂಡಿದ್ದೆ. ಇರಲಿಲ್ಲ. ಅದರಲ್ಲಿ ಜನ ಇದ್ದರು. ಊರಿನ ಒಬ್ಬೊಬ್ಬರಿಗೂ ಒಂದೊಂದು ಕಾರ್ಡು. ‘ಹಾಲ್ವರ್: ಈರುಳ್ಳಿ ಆಗುವುದಿಲ್ಲ.’ ‘ಪಾದ್ರಿಯ ಹೆಂಡತಿ: ಬೇಡ ಅಂದರೂ ಎರಡನೇ ಸಲ ಕೇಳು.’ ಸಾವಿನ ಊಟಕ್ಕೆ ಇನ್ನೂರು ಜನ ಬಂದರೂ ಯಾರ ತಟ್ಟೆಗೆ ಏನು ಬೀಳಬಾರದು ಅನ್ನುವುದು ಅವರಿಗೆ ತಿಳಿದಿರುತ್ತಿತ್ತು. ನನಗೆ ಬಟಾಣಿ ಕಂಡರಾಗುವುದಿಲ್ಲ ಅನ್ನುವುದನ್ನು ನನ್ನಮ್ಮ ಒಪ್ಪಿಕೊಳ್ಳುವ ಮುಂಚೆಯೇ ಆರ್ಡಿಸ್ ಶಾಲೆಯಲ್ಲಿ ನನ್ನ ತಟ್ಟೆಗೆ ಮಾತಿಲ್ಲದೆ ಮುಸುಕಿನ ಜೋಳ ಹಾಕುತ್ತಿದ್ದರು.

ಅವರು ಕಾರ್ಡಿಲ್ಲದವರಿಗೆ ಬಡಿಸಿದ್ದು ಒಂದೇ ಸಲ. ಎರಡು ವರ್ಷದ ಹಿಂದೆ, ಥ್ಯಾಂಕ್ಸ್‌ಗಿವಿಂಗ್ ದಿನ, ನನ್ನಮ್ಮನ ಮನೆಯಲ್ಲಿ. ಟಿಲ್ಡಾಗೆ ಆಗ ಎರಡು ವರ್ಷ. ನೀಲಿ ಹೂವಿನ ಪಾತ್ರೆಯಲ್ಲಿ ಆರ್ಡಿಸ್ ಗೆಣಸಿನ ಸಿಹಿ ತಂದಿದ್ದರು, ಮೇಲೆ ಅಕ್ರೋಟಿನ ಪುಡಿ. ಒಂದು ಚಮಚ ಮಗುವಿನ ಬಾಯಿಗಿಟ್ಟರು. ಐದು ನಿಮಿಷದಲ್ಲಿ ತುಟಿ ಊದಿತು. ಆಮೇಲೆ ಕಣ್ಣು. ಆಮೇಲೆ ಉಸಿರು ಸಿಳ್ಳೆಯ ಹಾಗೆ ಬರತೊಡಗಿತು. ಆಸ್ಪತ್ರೆ ನಲವತ್ತು ಮೈಲಿ ದೂರ. ಏನು ತಿಂದಳು ಅಂತ ಡಾಕ್ಟರಿಗೆ ತೋರಿಸಬೇಕು ಅಂತ ಯಾರೋ ಪಾತ್ರೆಯನ್ನೇ ಕಾರಿಗೆ ಹಾಕಿದರು. ಮಗುವನ್ನು ಎತ್ತಿಕೊಂಡು ಬಾಗಿಲು ದಾಟುವಾಗ ನಾನು ತಿರುಗಿ ಎಲ್ಲರೆದುರು ಕೂಗಿದೆ:

“ಊರಿಗೆಲ್ಲ ಕಾರ್ಡ್ ಬರೆದಿಟ್ಟಿದ್ದೀರಲ್ಲ, ನನ್ನ ಮಗಳ ಬಗ್ಗೆ ಒಂದು ಮಾತು ಕೇಳೋಕೆ ಬಾಯಿ ಬರ್ಲಿಲ್ವಾ? ಕೊಂದೇ ಬಿಟ್ರಲ್ಲ!”

ಕೇಳಿದ್ದರೂ ನಾನು ಹೇಳುತ್ತಿದ್ದುದು ‘ಎಲ್ಲ ತಿಂತಾಳೆ’ ಅಂತಲೇ. ನನಗೇ ಗೊತ್ತಿರಲಿಲ್ಲ. ಆರ್ಡಿಸ್ ಚಮಚವನ್ನು ಒರೆಸಿದರು. ಮತ್ತೆ ಒರೆಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಟಿಲ್ಡಾ ಉಳಿದಳು. ಮರುವರ್ಷ ನಾನು ಊರಿಗೆ ಹೋಗಲಿಲ್ಲ. ಈ ಸಲವೂ ಹೋಗುತ್ತಿರಲಿಲ್ಲವೋ ಏನೋ. ಆದರೆ ಜನವರಿಯಿಂದ ನಾನು ಪೂರ್ತಿ ಕೆಲಸಕ್ಕೆ ಮರಳಬೇಕು, ಅಮ್ಮ ನಮ್ಮ ಮನೆಗೆ ಬಂದು ಟಿಲ್ಡಾಳನ್ನು ನೋಡಿಕೊಳ್ಳುವುದು ಅಂತ ಮಾತಾಗಿತ್ತು. ಅದಕ್ಕೆ ಮುಂಚೆ ಅಮ್ಮನ ಅಡುಗೆಮನೆಯಲ್ಲಿ ನನ್ನ ಮಗಳು ಎಷ್ಟು ಸುರಕ್ಷಿತ ಅಂತ ನಾನೇ ಕಣ್ಣಾರೆ ನೋಡಬೇಕಿತ್ತು. ಒಂದು ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಲೂ ಇತ್ತು. ಅಕ್ಟೋಬರಿನಲ್ಲಿ, ಆರ್ಡಿಸ್ ಮಣ್ಣಾಗಿ ಮೂರು ವಾರದ ಮೇಲೆ, ಅಮ್ಮ ಫೋನಿನಲ್ಲಿ ಹೇಳಿದ್ದಳು:

“ನಿನ್ನೆ ಆರ್ಡಿಸ್ ಬಂದಿದ್ಲು ಕಣೆ ಬ್ರಿಟಾ. ನೀನು ಈ ಸಲ ಬರ್ತೀಯಾ ಅಂತ ಕೇಳಿದ್ಲು.”

“ಅಮ್ಮಾ?”

“ಏನೇ? ಹಾಂ, ಇಲ್ಲಿ ಆಗ್ಲೇ ಹಿಮ ಶುರು ಆಯ್ತು ನೋಡು.”

ಐವತ್ತು ವರ್ಷದ ಗೆಳತಿ, ಪಕ್ಕದ ಮನೆ. ದುಃಖದಲ್ಲಿ ಬಾಯಿ ತಪ್ಪಿರಬೇಕು ಅಂದುಕೊಂಡೆ. ಅಂದುಕೊಳ್ಳುವುದು ಸುಲಭವಾಗಿತ್ತು.

ಬುಧವಾರ ಮಧ್ಯಾಹ್ನ ನಾವು ತಲುಪಿದಾಗ ಅಮ್ಮ ಮೇಜಿನ ಮೇಲೆ ತಟ್ಟೆ ಜೋಡಿಸುತ್ತಿದ್ದಳು, ಮರುದಿನಕ್ಕೆ ಈಗಲೇ. ಮೊದಲಿನಂತೆಯೇ ಇದ್ದಳು. ಲಿಪ್‌ಸ್ಟಿಕ್ ಕೂಡ ಹಚ್ಚಿಕೊಂಡಿದ್ದಳು. ಟಿಲ್ಡಾಳನ್ನು ಎತ್ತಿ ಮುದ್ದಾಡಿ, “ನಿಮ್ಮಮ್ಮ ನಿಂಗೆ ಊಟ ಹಾಕ್ತಾಳೋ, ಬರೀ ಡಬ್ಬಿ ಮೇಲಿನ ಅಕ್ಷರ ಓದಿ ಹೇಳ್ತಾಳೋ?” ಅಂದಳು.

ನಾನು ನಿಜಕ್ಕೂ ಕಪಾಟಿನ ಡಬ್ಬಿಗಳನ್ನು ಓದುತ್ತಿದ್ದೆ.

“ಅಮ್ಮ, ಅಕ್ರೋಟು, ಬಾದಾಮಿ, ಯಾವ ನಟ್ಸೂ ಮನೇಲಿ ಇಲ್ಲ ತಾನೆ?”

“ಹತ್ತು ಸಲ ಹೇಳಿದೀಯ ಮಾರಾಯ್ತಿ. ನಂಗೆ ಗೊತ್ತಿಲ್ವಾ? ನನ್ನ ಮೊಮ್ಮಗಳಲ್ವಾ ಅವಳು?”

ಮೇಜಿನ ಮೇಲಿನ ತಟ್ಟೆ ಎಣಿಸಿದೆ. ಐದು. ನಾನು, ಟಿಲ್ಡಾ, ಅಮ್ಮ, ಅಮ್ಮನ ತಮ್ಮ ಡಾರೆಲ್ ಮಾವ.

“ಐದನೇದು ಯಾರಿಗೆ?”

“ಆರ್ಡಿಸ್‌ಗೆ,” ಅಂದಳು ಅಮ್ಮ, ಚಾಕುಗಳನ್ನು ಒರೆಸುತ್ತ. “ಗೆಣಸು ತಾನೇ ತರ್ತೀನಿ ಅಂದಿದಾಳೆ.”

ಹೊರಗೆ ಹಿಮ ಬೀಳತೊಡಗಿತ್ತು, ಗಾಳಿಯಿಲ್ಲದೆ, ನೇರವಾಗಿ. ಮಗುವಿನ ಮುಂದೆ ಏನನ್ನುವುದು?

ಮರುದಿನ ಬೆಳಿಗ್ಗೆ ಹಿಮ ನಿಂತಿತ್ತು. ಚರ್ಚಿನಲ್ಲಿ ಹತ್ತು ಗಂಟೆಗೆ ಪ್ರಾರ್ಥನೆ. ಅಮ್ಮ ಹೋಗಲಿಲ್ಲ, ಟರ್ಕಿ ಕೋಳಿ ಓವನ್ನಿನಲ್ಲಿದೆ ಅಂದಳು. ನಾನು ಮೇಲಿನ ಮಹಡಿಯಲ್ಲಿ ಟಿಲ್ಡಾಗೆ ಸ್ನಾನ ಮಾಡಿಸಿದೆ. ಅವಳು ಬಚ್ಚಲು ತೊಟ್ಟಿಯಿಂದ ಎದ್ದು ಬರಲು ಅರ್ಧ ಗಂಟೆ ಹಠ ಮಾಡಿದಳು. ಕೆಳಗೆ ಬಂದಾಗ ಹನ್ನೊಂದೂ ಕಾಲು. ಡಾರೆಲ್ ಮಾವ ಬಂದು ಟೀವಿ ಮುಂದೆ ಕಾಲು ಚಾಚಿದ್ದರು. ಹಣ್ಣಿನ ಗೊಜ್ಜಿನ ಬಾಟಲಿ ತರಲು ಹಿಂಬಾಗಿಲ ಜಗುಲಿಗೆ ಹೋದೆ.

ಜಗುಲಿಯ ಬೆಂಚಿನ ಮೇಲೆ, ಟವೆಲಿನಲ್ಲಿ ಸುತ್ತಿ, ಒಂದು ಪಾತ್ರೆ ಇತ್ತು.

ನನ್ನದಿರಬೇಕು, ಅಂದರೆ ನಾನು ತಂದ ಆರ್ಡಿಸ್ ಪಾತ್ರೆಯನ್ನೇ ಅಮ್ಮ ಕಾರಿನಿಂದ ತೆಗೆದಿಟ್ಟಿದ್ದಾಳೆ ಅಂದುಕೊಂಡೆ. ಮುಟ್ಟಿದೆ. ಬೆಚ್ಚಗಿತ್ತು. ಟವೆಲು ಬಿಡಿಸಿದರೆ ಅದೇ ಬಿಳಿ ಗಾಜು, ಅದೇ ನೀಲಿ ಹೂವು, ಆದರೆ ಮೂಲೆಯಲ್ಲಿ ಚಕ್ಕೆ ಎದ್ದಿರಲಿಲ್ಲ. ಮುಚ್ಚಳದ ಮೇಲೆ ಹೊಸ ಟೇಪು. ಟೇಪಿನ ಮೇಲೆ ಆ ದಪ್ಪ ಚೌಕ ಅಕ್ಷರ:

‘ಟಿಲ್ಡಾಗೆ. ನಟ್ಸ್ ಇಲ್ಲ.’

ಒಳಗೆ ಗೆಣಸು. ಆ ವಾಸನೆ ನನಗೆ ಗೊತ್ತು. ಎರಡು ವರ್ಷದ ಹಿಂದೆ ಕಾರಿನ ತುಂಬ ಇದ್ದ ವಾಸನೆ. ಮಗು ಉಸಿರಿಗೆ ಒದ್ದಾಡುವಾಗ ಕಿಟಕಿ ಇಳಿಸಿದರೂ ಹೋಗದ ವಾಸನೆ.

“ಅಮ್ಮಾ, ಇದನ್ನ ಯಾರು ತಂದಿಟ್ರು?”

ಅಮ್ಮ ಒಳಗಿನಿಂದ, ತಿರುಗಿಯೂ ನೋಡದೆ: “ಆರ್ಡಿಸ್ ಅಲ್ವೇನೆ? ಒಳಗೆ ಬಾ ಅಂದೆ. ಬೂಟು ಒದ್ದೆ ಆಗಿದೆ, ಆಮೇಲೆ ಬರ್ತೀನಿ ಅಂದ್ಲು.”

ಡಾರೆಲ್ ಮಾವ ಎದ್ದು ಬಂದು ಟೇಪನ್ನು ನೋಡಿದರು. ಅವರ ಮುಖದ ಬಣ್ಣ ಒಂದು ಗಳಿಗೆ ಇಳಿಯಿತು. ಆಮೇಲೆ ಎಂದಿನ ಹಾಗೆ ಬಾಯಿ ಬಿಟ್ಟರು.

“ಸತ್ತ ಮೇಲೂ ಅಡುಗೆ ಬಿಡ್ಲಿಲ್ಲ ಅಂದ್ರೆ ಇದು ಆರ್ಡಿಸೇ. ನಾನು ಬದುಕಿರುವಾಗ್ಲೇ ತಟ್ಟೆ ತೊಳೆಯಲ್ಲ.”

“ಮಾವ, ತಮಾಷೆ ಬೇಡ.”

“ತಮಾಷೆ ಯಾರು ಮಾಡ್ತಿದಾರೆ? ಈ ಅಕ್ಷರ ನೋಡು, ಅವಳದೇ.”

ನಿಜ, ಅವರದೇ.

ನಾನು ಪಾತ್ರೆಯನ್ನು ಎತ್ತರದ ಕಪಾಟಿನ ಮೇಲಿಟ್ಟೆ. ಚರ್ಚು ಹಿಂದಿನ ಬೀದಿಯಲ್ಲಿ, ಎರಡು ಮನೆಯಾಚೆ. ಈಗ ಅಡುಗೆಮನೆ ನೋಡಿಕೊಳ್ಳುವವಳು ನನ್ನ ಶಾಲೆಯ ಗೆಳತಿ ಜೋಲೀನ್. ಇದು ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಅವಳಿಗೇ ಗೊತ್ತಿರಬೇಕು. “ಮಾವ, ಹತ್ತು ನಿಮಿಷ ಟಿಲ್ಡಾಳ್ನ ನೋಡ್ಕೊಳ್ಳಿ. ಏನೂ ತಿನ್ಸಬೇಡಿ, ಏನಂದ್ರೆ ಏನೂ,” ಅಂದೆ.

“ಕಟ್ಟಿ ಹಾಕಿರ್ತೀನಿ ಬಿಡು, ಹೋಗು.”

ಹಿಂಬಾಗಿಲಿನಿಂದ ಚರ್ಚಿನವರೆಗೆ ಹೊಸ ಹಿಮದ ಮೇಲೆ ಹೆಜ್ಜೆ ಗುರುತಿದ್ದವು. ಹೋದದ್ದು, ಬಂದದ್ದು. ಒಬ್ಬರವೇ. ಚಿಕ್ಕ ಪಾದ. ಬೇರೆ ಯಾವ ಗುರುತೂ ಇಲ್ಲದ ಬಿಳುಪಿನಲ್ಲಿ ಅವು ಎದ್ದು ಕಾಣುತ್ತಿದ್ದವು. ಪಕ್ಕದಲ್ಲೇ ನಡೆದು ಹೋದೆ. ಅರ್ಧ ದಾರಿಯಲ್ಲಿ ನನಗೆ ಒಂದು ವಿಷಯ ತಟ್ಟಿತು, ನಿಂತುಬಿಟ್ಟೆ. ಒಬ್ಬರೇ ನಡೆಯುವವರು ದಾರಿಯ ನಡುವೆ ನಡೆಯುತ್ತಾರೆ. ಈ ಹೆಜ್ಜೆಗಳು ಚರ್ಚಿಗೆ ಹೋಗುವಾಗ ನಡುವೆಯೇ ಇದ್ದವು. ವಾಪಸ್ ಬರುವಾಗ ಮಾತ್ರ ಬೇಲಿಗೆ ಒತ್ತಿಕೊಂಡು, ಒಂದು ಪಕ್ಕಕ್ಕೆ ಸರಿದು ಬಂದಿದ್ದವು. ಉದ್ದಕ್ಕೂ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ನಡೆದ ಹಾಗೆ.

ಆ ಖಾಲಿ ಜಾಗದ ಹಿಮವನ್ನು ಯಾರೂ ತುಳಿದಿರಲಿಲ್ಲ.

ನೆಲಮಾಳಿಗೆಯಲ್ಲಿ ಜೋಲೀನ್ ಪ್ರಾರ್ಥನೆಗೆ ಬಂದವರ ಕಾಫಿ ಲೋಟ ತೊಳೆಯುತ್ತಿದ್ದಳು. ನನ್ನನ್ನು ಕಂಡವಳೇ ಸೋಪಿನ ಕೈಯಲ್ಲೇ ತಬ್ಬಿಕೊಂಡಳು.

“ಬಂದ್ಯಾ ಸಿಟಿ ರಾಣಿ! ಎರಡು ವರ್ಷ ಒಂದು ಫೋನಿಲ್ಲ. ನಾನೂ ಸತ್ತಿದೀನಿ ಅಂದ್ಕೊಂಡ್ಯಾ?”

“ಜೋಲೀನ್, ಗೆಣಸಿನ ಪಾತ್ರೆ...”

ಅವಳ ನಗು ನಿಂತಿತು. “ನಿಮ್ಮನೇಲಿದೆಯಾ? ಅಬ್ಬಾ, ದೇವರೇ. ಬಾ, ಕೂತ್ಕೋ. ನನ್ನ ಜೀವ ಬಾಯಿಗೆ ಬಂದಿತ್ತು.”

ಅವಳು ಹೇಳಿದ್ದು ಇಷ್ಟು. ಆಗಸ್ಟಿನಲ್ಲಿ, ಎದೆನೋವು ಶುರುವಾದ ಮೇಲೆ, ಆರ್ಡಿಸ್ ಈ ಅಡುಗೆಮನೆಗೆ ಬಂದು ಗೆಣಸಿನ ಸಿಹಿ ಮಾಡಿ ಚರ್ಚಿನ ಫ್ರೀಜರಿನಲ್ಲಿಟ್ಟಿದ್ದರು. ಮುಚ್ಚಳದ ಟೇಪು ಆಗಲೇ ಬರೆದದ್ದು. ಮೇಲೊಂದು ಚೀಟಿ: ‘ಥ್ಯಾಂಕ್ಸ್‌ಗಿವಿಂಗ್ ದಿನ ಬಿಸಿ ಮಾಡಿ ಲಾವೋನ್ ಮನೆಗೆ ಕೊಡುವುದು.’ ಲಾವೋನ್ ಅಂದರೆ ನನ್ನಮ್ಮ.

“ಹೋದ ವಾರ ನಿಮ್ಮಮ್ಮಂಗೆ ಹೇಳಿದ್ದೆ, ನಾನೇ ತಂದ್ಕೊಡ್ತೀನಿ ಅಂತ. ಇವತ್ತು ಒಂಬತ್ತೂವರೆಗೆ ಓವನ್ನಲ್ಲಿಟ್ಟು ಬೀಗ ಹಾಕಿ ಮೇಲೆ ಪ್ರಾರ್ಥನೆಗೆ ಹೋದೆ. ಹನ್ನೊಂದಕ್ಕೆ ಬಂದ್ರೆ ಓವನ್ ಆರಿದೆ, ಪಾತ್ರೆ ಇಲ್ಲ. ಬಾಗಿಲು ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ಇದನ್ನ ನೋಡು.”

ಓವನ್ನಿನ ಹಿಡಿಯ ಮೇಲೆ ಕೈಬಟ್ಟೆ ತೂಗುತ್ತಿತ್ತು. ಮೂರು ಮಡಿಕೆ.

“ನಾನು ಎರಡು ಮಡಿಕೆ ಮಾಡೋಳು. ಅವಳು ಹೋದ ಮೇಲೆ ಸೇಡು ತೀರಿಸ್ಕೊಳ್ಳೋಕೇ ಎರಡು ಮಡಿಕೆ ಮಾಡ್ತಿದೀನಿ. ಇದನ್ನ ನೋಡಿ ಮೈ ಜುಂ ಅಂತು ಕಣೆ. ಇಷ್ಟು ಹೊತ್ತೂ ಬೆನ್ನು ಗೋಡೆ ಕಡೆ ಮಾಡಿಯೇ ಲೋಟ ತೊಳೆದೆ.”

“ಬೀಗದ ಕೈ ಎಷ್ಟಿವೆ?”

“ಎರಡು. ಒಂದು ನಂದು. ಇನ್ನೊಂದು ಆರ್ಡಿಸ್‌ದು.” ಜೋಲೀನ್ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಮೆಲ್ಲಗೆ, ನನ್ನ ಮುಖ ನೋಡದೆ ಹೇಳಿದಳು: “ಮಣ್ಣಾದ ಮೇಲೆ ಅದು ನಿಮ್ಮಮ್ಮನ ಹತ್ರಾನೇ ಇದೆ. ತಮ್ಮನೆ ಅಡುಗೆಮನೆ ಮೊಳೆಗೆ ನೇತುಹಾಕಿದಾರೆ.”

ನಲವತ್ತು ವರ್ಷ ಈ ಅಡುಗೆಮನೆಯಲ್ಲಿ ಆರ್ಡಿಸ್ ಪಕ್ಕದಲ್ಲಿ ಕೈಬಟ್ಟೆ ಮಡಚಿದವಳು ನನ್ನಮ್ಮ. ಅವಳ ಪಾದ ಚಿಕ್ಕದು. ಬಾಗಿಲ ಹತ್ತಿರ ಚಾಪೆಯ ಮೇಲೆ ಅವಳ ಬೂಟು ಒದ್ದೆಯಾಗಿದ್ದದ್ದನ್ನು ನಾನು ಹೊರಡುವಾಗ ನೋಡಿದ್ದೆ. ನೋಡಿಯೂ ದಾಟಿ ಬಂದಿದ್ದೆ. ಅಮ್ಮ ಸುಳ್ಳು ಹೇಳಿರಲಿಲ್ಲ. ತಾನೇ ಹೋಗಿ, ತಾನೇ ಬೀಗ ತೆರೆದು, ತಾನೇ ಪಾತ್ರೆ ತಂದಿಟ್ಟು, ಬಾಗಿಲಲ್ಲಿ ನಿಂತು ಆರ್ಡಿಸ್‌ರನ್ನು ಒಳಗೆ ಕರೆದಿದ್ದಳು.

ದೆವ್ವ ಅಂದುಕೊಂಡಿದ್ದಾಗಲೇ ನನಗೆ ಭಯ ಕಡಿಮೆಯಿತ್ತು.

“ಅಮ್ಮ ಎಷ್ಟು ದಿನದಿಂದ ಹೀಗೆ?”

“ವರ್ಷದ ಮೇಲಾಯ್ತು. ನಿಂಗೆ ಹೇಳ್ಬೇಕು ಅಂತ ಎಷ್ಟು ಸಲ ಅಂದ್ಕೊಂಡೆ ಗೊತ್ತಾ? ಆರ್ಡಿಸ್ ಬಿಡಲಿಲ್ಲ. ಲಾವೋನ್ ತಾನೇ ಹೇಳ್ಲಿ ಅನ್ನೋಳು. ದಿನಾ ಬೆಳಿಗ್ಗೆ ತಾನೇ ನಿಮ್ಮಮ್ಮನ ಮನೆಗೆ ಹೋಗಿ ಒಲೆ ನೋಡ್ಕೊಂಡು ಬರೋಳು.” ಜೋಲೀನ್ ಕಪಾಟಿನಿಂದ ಹಸಿರು ಡಬ್ಬಿ ಇಳಿಸಿದಳು. “ನೀನೇ ಓದು.”

ಮೊದಲು ನನ್ನ ಕಾರ್ಡು ಸಿಕ್ಕಿತು. ಹಳೆಯದು, ಅಂಚು ಜಿಡ್ಡು. ‘ಬ್ರಿಟಾ: ಬಟಾಣಿ ಬೇಡ. ಜೋಳ.’ ಕೆಳಗೆ, ಇತ್ತೀಚಿನ ನಡುಗುವ ಕೈಯಲ್ಲಿ: ‘ಪಾತ್ರೆ ಅವಳ ಹತ್ತಿರ ಇದೆ. ಕೇಳಬೇಡ.’

ಅದರ ಹಿಂದಿನದು ಟಿಲ್ಡಾಳದು. ಹೊಚ್ಚ ಹೊಸ ಬಿಳಿ ಕಾರ್ಡು. ನನ್ನ ಮಗಳಿಗೂ ಒಂದು ಕಾರ್ಡು ಇತ್ತು.

‘ಟಿಲ್ಡಾ: ಅಕ್ರೋಟು, ಬಾದಾಮಿ, ಯಾವ ನಟ್ಸೂ ಆಗದು. ನನ್ನ ತಪ್ಪು. ಲಾವೋನ್ ಮರೆಯುತ್ತಾಳೆ. ಹೋದ ಹಬ್ಬಕ್ಕೆ ಮಗು ಬರುತ್ತದೆಂದು ಪೈ ಮಾಡಿದ್ದಳು. ಹಿಟ್ಟಿಗೆ ಅಕ್ರೋಟು ಹಾಕಿದ್ದಳು. ಪೈ ತಳ ನೋಡು.’

ಅಮ್ಮನ ಸಿಹಿಗುಂಬಳದ ಪೈ, ಹಿಟ್ಟಿನ ತಳದ ಮೇಲೆ ಸಿಹಿ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ತಿನಿಸು. ನಾನು ಹುಟ್ಟುವ ಮುಂಚಿನಿಂದ ಅದರ ತಳದ ಹಿಟ್ಟಿಗೆ ಅಕ್ರೋಟನ್ನು ನುಣ್ಣಗೆ ಅರೆದು ಕಲಸುತ್ತಾಳೆ, ಕಣ್ಣಿಗೆ ಕಾಣುವುದಿಲ್ಲ. ಅಂದು ಬೆಳಿಗ್ಗೆ ಕಿಟಕಿಯಲ್ಲಿ ಎರಡು ಪೈ ಆರಲಿಟ್ಟಿದ್ದಳು, ಈ ಸಲ ಅಕ್ರೋಟು ಹಾಕಿರಲಾರಳು ಅಂತ ನಾನು ನಂಬಿದ್ದೆ. ಹಿಟ್ಟು ಮಿಕ್ಕಿದರೆ ಅದನ್ನು ಚೂರು ಚೂರಾಗಿ ಕತ್ತರಿಸಿ, ಸಕ್ಕರೆ, ಚಕ್ಕೆಪುಡಿ ಉದುರಿಸಿ ಸುಟ್ಟು ಮಕ್ಕಳಿಗೆ ಕೊಡುತ್ತಾಳೆ. ಊಟಕ್ಕೆ ಮುಂಚೆ. ಯಾವಾಗಲೂ ಊಟಕ್ಕೆ ಮುಂಚೆ.

ಕಾರ್ಡನ್ನು ಎಲ್ಲಿ ಬಿಟ್ಟೆನೋ ತಿಳಿಯದು. ಕೋಟು ಹಾಕಿಕೊಳ್ಳಲಿಲ್ಲ. ಹಿಮದಲ್ಲಿ ಒಂದು ಸಲ ಬಿದ್ದೆ, ಆ ಖಾಲಿ ಜಾಗದಲ್ಲೇ ಬಿದ್ದೆ, ಎದ್ದು ಓಡಿದೆ. ಜಗುಲಿ ದಾಟುವಾಗಲೇ ಮೂಗಿಗೆ ಚಕ್ಕೆಯ ಘಮ ಬಡಿಯಿತು. ಡಾರೆಲ್ ಮಾವ ಟೀವಿ ಮುಂದೆ ಬಾಯಿ ತೆರೆದು ನಿದ್ದೆ ಹೋಗಿದ್ದರು.

ಟಿಲ್ಡಾ ಮೇಜಿನ ಮುಂದೆ, ಕುರ್ಚಿಯ ಮೇಲೆ ಮಂಡಿಯೂರಿ ಕೂತಿದ್ದಳು. ಎದುರಿಗೆ ತಟ್ಟೆ. ತಟ್ಟೆಯಲ್ಲಿ ಸಕ್ಕರೆ ಹೊಳೆಯುವ ಏಳೆಂಟು ಚೂರು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದಳು.

“ತಿಂದ್ಯಾ? ಟಿಲ್ಡಾ, ಬಾಯಿ ತೆಗಿ. ಒಂದಾದ್ರೂ ತಿಂದ್ಯಾ?”

“ಇಲ್ಲಮ್ಮಾ.” ಅವಳಿಗೆ ಅಳು ಬರುವಂತಿತ್ತು. “ಅಜ್ಜಿ ಬಿಡ್ತಿಲ್ಲ. ಆರ್ಡಿಸ್ ಬರ್ಲಿ, ಆಮೇಲೆ ತಿನ್ನು ಅಂದ್ರು. ಎಷ್ಟೊತ್ತಾಯ್ತು, ಬರ್ತಾನೇ ಇಲ್ಲ.”

ಅಮ್ಮ ಒಲೆಯ ಮುಂದೆ ಬೆಂದ ಆಲೂಗಡ್ಡೆ ಹಿಸುಕುತ್ತ ಅಂದಳು: “ಮತ್ತೇನು? ಮನೆಗೆ ಬರೋರನ್ನ ಬಿಟ್ಟು ತಿನ್ನೋದಾ? ಬರ್ತಾಳೆ, ಬೂಟು ಒಣಗಿಸ್ಕೊಂಡು.”

ನಾನು ತಟ್ಟೆ ಎಳೆದುಕೊಂಡೆ. ಒಂದು ಚೂರು ಬಾಯಿಗಿಟ್ಟೆ. ಅಗಿದೆ. ಸಕ್ಕರೆ, ಚಕ್ಕೆ, ಬೆಣ್ಣೆ. ಹಿಂದಿನಿಂದ, ನಿಧಾನವಾಗಿ, ಅಕ್ರೋಟಿನ ಸಣ್ಣ ಕಹಿ. ಎರಡನೆಯದು ತಿಂದೆ. ಮೂರನೆಯದು. ನಿಂತುಕೊಂಡೇ ಎಲ್ಲವನ್ನೂ ತಿಂದು ಮುಗಿಸಿದೆ. ಟಿಲ್ಡಾ ಗೋಳೋ ಅಂತ ಅತ್ತಳು.

“ಅಯ್ಯೋ, ನಾಚಿಕೆ ಆಗ್ಬೇಕು ನಿಂಗೆ!” ಅಮ್ಮ ಸೌಟು ಹಿಡಿದು ತಿರುಗಿದಳು. “ಮಗು ತಟ್ಟೆಯಿಂದ ಕಿತ್ಕೊಂಡು ತಿಂತಾಳಲ್ಲ! ಸಿಟೀಲಿ ಊಟ ಸಿಗಲ್ವಾ ನಿಮ್ಗೆ?”

“ತುಂಬ ದಿನ ಆಗಿತ್ತಮ್ಮಾ ತಿಂದು,” ಅಂದೆ. ಅವಳ ಕಣ್ಣನ್ನು ನೋಡಿದೆ. ಅದರಲ್ಲಿ ಮರೆವಿನ ಗುರುತೇನೂ ಇರಲಿಲ್ಲ, ನನ್ನ ಮೇಲಿನ ಪ್ರೀತಿ, ಸಿಟ್ಟು ಅಷ್ಟೇ. ಅದೇ ಹೆದರಿಕೆ ಹುಟ್ಟಿಸುತ್ತಿತ್ತು.

ಟಿಲ್ಡಾಳ ಕೈ, ಮುಖ ತೊಳೆದು, ಮೇಜು ಒರೆಸಿ, ಡಾರೆಲ್ ಮಾವನನ್ನು ಅಲುಗಾಡಿಸಿ ಎಬ್ಬಿಸಿ ಕಿವಿಯಲ್ಲಿ ವಿಷಯ ಹೇಳಿದೆ. ಅವರು ಕಿಟಕಿಯ ಪೈಗಳನ್ನು ನೋಡಿದರು.

“ನಾನು ಬೀಳಿಸ್ತೀನಿ,” ಅಂದರು. “ಈ ಮನೇಲಿ ಬೀಳಿಸೋ ಕೆಲ್ಸ ನಂದೇ. ಯಾರಿಗೂ ಅನುಮಾನ ಬರಲ್ಲ.”

ಎರಡೂ ಪೈಗಳನ್ನು ಜಗುಲಿಗೆ ಒಯ್ಯುವ ನೆಪದಲ್ಲಿ ಮೆಟ್ಟಿಲ ಮೇಲೆ ಬೀಳಿಸಿದರು. ಅಮ್ಮ ಅವರಿಗೆ ಹತ್ತು ನಿಮಿಷ ಬೈದಳು. ನಲವತ್ತು ವರ್ಷದ ಹಿಂದೆ ಅವರು ಒಡೆದ ಹೂದಾನಿಯನ್ನೂ ಬಿಡದೆ ನೆನಪಿಸಿಕೊಂಡಳು, ಅದರ ಬಣ್ಣ ಸಮೇತ.

ಎರಡು ಗಂಟೆಗೆ ಊಟಕ್ಕೆ ಕೂತೆವು. ನಾನು ಎತ್ತರದ ಕಪಾಟಿನಿಂದ ಗೆಣಸು ಇಳಿಸಿದೆ. ಮೊದಲು ನಾನು ತಿಂದೆ. ಮೇಲೆ ಅಕ್ರೋಟು ಇರಲಿಲ್ಲ, ಕಂದು ಸಕ್ಕರೆಯಲ್ಲಿ ಹುರಿದ ಓಟ್ಸು ಇತ್ತು. ಇನ್ನೊಂದು ಚಮಚ ತಿಂದು ನೋಡಿದೆ. ಆಮೇಲೆ ಇಂಜೆಕ್ಷನ್ ಪೆನ್ನನ್ನು ನನ್ನ ತಟ್ಟೆಯ ಪಕ್ಕ, ಚಾಕು ಇಡುವ ಜಾಗದಲ್ಲಿಟ್ಟು ಟಿಲ್ಡಾಗೆ ಒಂದು ಚಮಚ ತಿನ್ನಿಸಿದೆ. ಸತ್ತವರು ಮಾಡಿದ ಅಡುಗೆ, ಅದೇ ಕೈ, ಅದೇ ಗೆಣಸು. ಗಡಿಯಾರ ನೋಡುತ್ತ ಕೂತೆ. ಐದು ನಿಮಿಷ. ಹತ್ತು. ತುಟಿ ತುಟಿಯ ಹಾಗೇ ಇತ್ತು.

“ಇನ್ನೂ ಬೇಕು,” ಅಂದಳು ಟಿಲ್ಡಾ.

ಐದನೇ ತಟ್ಟೆಗೆ ಅಮ್ಮ ತಾನೇ ಬಡಿಸಿದಳು, ಎಲ್ಲವನ್ನೂ ಸ್ವಲ್ಪ ಸ್ವಲ್ಪ. ಆ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದಳು, ಉದ್ದ ಕಾಲಿನವರು ಕೂರಲು ಅನುಕೂಲವಾಗುವಷ್ಟು. ಆ ಕಡೆ ನೋಡದೆ ಊಟ ಮಾಡುವುದು ಕಷ್ಟ, ನೋಡುತ್ತ ಮಾಡುವುದು ಇನ್ನೂ ಕಷ್ಟ. ಅಮ್ಮ ಕಾಫಿ ತರಲು ಎದ್ದಾಗ ಡಾರೆಲ್ ಮಾವ ಸದ್ದಿಲ್ಲದೆ ಆ ತಟ್ಟೆಯನ್ನು ಎಳೆದುಕೊಂಡು ಐದಾರು ತುತ್ತಿನಲ್ಲಿ ಖಾಲಿ ಮಾಡಿ ಇದ್ದಲ್ಲಿಗೇ ಸರಿಸಿದರು. ಅಮ್ಮ ಬಂದು ನೋಡಿ ತಲೆಯಾಡಿಸಿದಳು.

“ಸದ್ಯ, ಇವತ್ತಾದ್ರೂ ಸರಿಯಾಗಿ ತಿಂದ್ಲು.”

ಜನವರಿಯ ಮಾತು ನಾನು ಎತ್ತಲಿಲ್ಲ. ರಾತ್ರಿ ಗಂಡನಿಗೆ ಫೋನು ಮಾಡಿ, ಟಿಲ್ಡಾಳಿಗೆ ಬೇರೆ ವ್ಯವಸ್ಥೆ ನೋಡಬೇಕು, ಅಮ್ಮನನ್ನು ಡಾಕ್ಟರಿಗೆ ತೋರಿಸಬೇಕು, ಭಾನುವಾರ ಬರುವುದಿಲ್ಲ, ಒಂದು ವಾರ ಇಲ್ಲೇ ಇರುತ್ತೇನೆ ಅಂದೆ. ಮೊಳೆಯಿಂದ ಚರ್ಚಿನ ಬೀಗದ ಕೈ ತೆಗೆದು ನನ್ನ ಕೈಚೀಲದಲ್ಲಿ ಪೆನ್ನುಗಳ ಪಕ್ಕ ಹಾಕಿಕೊಂಡೆ.

ಶುಕ್ರವಾರ ಬೆಳಿಗ್ಗೆ, ಚಕ್ಕೆ ಎದ್ದ ಆ ಹಳೆಯ ಪಾತ್ರೆಯಲ್ಲಿ ಜೋಳ ಬೇಯಿಸಿ ತುಂಬಿ ಚರ್ಚಿಗೆ ಒಯ್ದೆ. ಹಿಮದ ಮೇಲೆ ಈಗ ನನ್ನವೂ ಸೇರಿ ತುಂಬ ಹೆಜ್ಜೆಗಳಿದ್ದವು. ಆದರೂ ನಾನು ಬೇಲಿಯ ಪಕ್ಕಕ್ಕೇ ಸರಿದು ನಡೆದೆ, ಯಾಕೆ ಅಂತ ಕೇಳಿದರೆ ಗೊತ್ತಿಲ್ಲ. ಜೋಲೀನ್ ಮುಚ್ಚಳ ತೆಗೆದು ನೋಡಿ, “ಎರಡು ವರ್ಷಕ್ಕೆ ಇಷ್ಟೇನಾ? ಬಡ್ಡಿ ಎಲ್ಲಿ?” ಅಂದಳು. ಆಮೇಲೆ ಕೇಳದೆಯೇ ಹಸಿರು ಡಬ್ಬಿಯನ್ನೂ ಬರೆಯುವ ಪೆನ್ನನ್ನೂ ನನ್ನ ಮುಂದಿಟ್ಟು ಲೋಟ ತೊಳೆಯಲು ಹೋದಳು.

ಅಮ್ಮನ ಕಾರ್ಡು ಎಲ್ಲಕ್ಕಿಂತ ಹಳೆಯದು. ‘ಲಾವೋನ್: ಎಲ್ಲ ತಿನ್ನುತ್ತಾಳೆ. ಕಾಫಿಗೆ ಹಾಲು ಬೇಡ ಅನ್ನುತ್ತಾಳೆ, ಬೇಕು.’ ಕೆಳಗೆ, ಒಂದೊಂದು ತಿಂಗಳಿಗೆ ಒಂದೊಂದು ಸಾಲು ಸೇರುತ್ತ ಬಂದಿತ್ತು. ‘ದಿನ ತಪ್ಪು ಹೇಳಿದರೆ ತಿದ್ದಬೇಡ.’ ‘ಒಲೆ ನೋಡು.’ ‘ಬೂಟು ಎದುರಿಗಿಡು, ಇಲ್ಲದಿದ್ದರೆ ಚಪ್ಪಲಿಯಲ್ಲಿ ಹೊರಡುತ್ತಾಳೆ.’ ಕೊನೆಯ ಸಾಲಿನ ಕೆಳಗೆ ಸ್ವಲ್ಪ ಜಾಗವಿತ್ತು. ನಾನು ಅವರ ಹಾಗೇ ದಪ್ಪ ಚೌಕ ಅಕ್ಷರದಲ್ಲಿ, ನಿಧಾನವಾಗಿ ಬರೆದೆ:

‘ಆರ್ಡಿಸ್ ಬಂದಿದ್ದಳು ಅಂದರೆ ಹೂಂ ಅನ್ನು. ಅವಳಿಗೂ ಒಂದು ತಟ್ಟೆ ಇಡು.’